ಬರೆಯೋಕೆ ಬರುತ್ತೆ ಅನ್ನೋದಕ್ಕೆ ಸಾಕ್ಷಿ ಏನು?

ಮೊನ್ನೆ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ಪತ್ರಿಕೋದ್ಯಮದ ಪದವಿ, ಕೊನೆಯ ಸೆಮಿಸ್ಟರ್. ಕಾಫಿ ಮುಗಿಯುವ ಹೊತ್ತಿಗೆ ಮೆಲ್ಲಗೆ ವಿಷಯ ತೆಗೆದಳು.

"ಮಾಮಾ, ಎಲ್ಲಿ ಅಪ್ಲೈ ಮಾಡಿದ್ರೂ ಪೋರ್ಟ್‌ಫೋಲಿಯೋ ಕಳಿಸಿ ಅಂತಾರೆ. ನನ್ನ ಹತ್ರ ಇರೋದು ಮಾರ್ಕ್ಸ್ ಕಾರ್ಡು. ಏನ್ ಕಳಿಸ್ಲಿ?"

ನಗು ಬಂತು. 2003ರ ನನ್ನ ಮುಖ ನೆನಪಾಯಿತು ನೋಡಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಕ್ನಿಕಲ್ ರೈಟರ್ ಕೆಲಸಕ್ಕೆ ಇಂಟರ್‌ವ್ಯೂ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲಾ ಅಂಕಪಟ್ಟಿಗಳನ್ನೂ ಲ್ಯಾಮಿನೇಟ್ ಮಾಡಿಸಿ, ಹೊಸ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಎದುರಿಗಿದ್ದ ಹೆಂಗಸು ಕೊನೇ ಹಾಳೆಯವರೆಗೂ ತಿರುವಿ ನೋಡಿ, "ಇದೆಲ್ಲ ಸರಿ, ನೀವು ಬರೆದದ್ದು ಎಲ್ಲಿ?" ಅಂದರು. ನಾನು ಬರೆದದ್ದೇ ಇರಲಿಲ್ಲ! ಹತ್ತು ನಿಮಿಷದಲ್ಲಿ ರಸ್ತೆಯಲ್ಲಿದ್ದೆ.

ಆಗ ಸಿಟ್ಟು ಬಂದಿತ್ತು. ಆಮೇಲೆ ಅದೇ ಕಸುಬಿನಲ್ಲಿ ಉಳಿದ ಮೇಲೆ, ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಕುತೂಹಲಕ್ಕೆ ಓದುತ್ತಾ ಹೋದೆ. ಅದರ ಕಥೆ ನಿಮಗೂ ಹೇಳಿಬಿಡ್ತೀನಿ.

ಪೋರ್ಟ್‌ಫೋಲಿಯೋ ಅನ್ನೋ ಮಾತು ಇಟಾಲಿಯನ್ ಭಾಷೆಯಿಂದ ಬಂದದ್ದು. ಹೊರು ಅನ್ನುವ ಪದ, ಹಾಳೆ ಅನ್ನುವ ಪದ, ಎರಡೂ ಸೇರಿ ಆದದ್ದು. ಅಂದರೆ ಹಾಳೆ ಹೊತ್ತೊಯ್ಯುವ ಚೀಲ, ಅಷ್ಟೇ. ಚಿತ್ರ ಬರೆಯುವವರು ತಮ್ಮ ಚಿತ್ರಗಳನ್ನು ಅದರಲ್ಲಿಟ್ಟುಕೊಂಡು ಹೋಗಿ ತೋರಿಸುತ್ತಿದ್ದರು. ಬಡಗಿಗೆ ಅವನು ಮಾಡಿದ ಬಾಗಿಲೇ ಸಾಕ್ಷಿ, ಚಿತ್ರಗಾರನಿಗೆ ಚಿತ್ರ ಸಾಕ್ಷಿ. ಬರೆಯುವವನಿಗೆ ಮಾತ್ರ ಯಾಕೋ ಬಹಳ ಕಾಲ ಪರೀಕ್ಷೆಯೇ ಸಾಕ್ಷಿಯಾಯಿತು.

ಅಮೆರಿಕದ ಹಾರ್ವರ್ಡ್ 1874ರಲ್ಲಿ ಒಂದು ನಿಯಮ ತಂದಿತು. ಸೇರಬಯಸುವ ಹುಡುಗರು ಇಂಗ್ಲಿಷಿನಲ್ಲಿ ಚಿಕ್ಕದೊಂದು ಪ್ರಬಂಧ ಬರೆಯಬೇಕು. ವಿಷಯ ಮೊದಲೇ ಹೇಳಿದ ಪುಸ್ತಕಗಳಿಂದ: ಷೇಕ್ಸ್‌ಪಿಯರನ ಕೆಲವು ನಾಟಕ, ಸ್ಕಾಟನ ಐವನ್‌ಹೋ, ಹೀಗೆ. ಒಂದು ಕೋಣೆ, ಒಂದು ಗಡಿಯಾರ, ಒಂದು ಉತ್ತರ ಪತ್ರಿಕೆ. ನಮಗೆಲ್ಲ ಚೆನ್ನಾಗಿ ಗೊತ್ತಿರುವ ವ್ಯವಸ್ಥೆಯೇ. ಆದರೆ ಆ ಕೋಣೆಯಿಂದ ಹೊರಗೆ ಯಾರೂ ಹಾಗೆ ಬರೆಯುವುದಿಲ್ಲವಲ್ಲ? ಮನೆಗೆ ತಂದು, ಹೊಡೆದು ಹಾಕಿ, ಮತ್ತೆ ಬರೆದು, ಇನ್ನೊಬ್ಬರಿಗೆ ತೋರಿಸಿ, ಬೈಸಿಕೊಂಡು ತಿದ್ದುತ್ತೇವೆ.

ಇದಕ್ಕೆ ಮೊದಲ ದೊಡ್ಡ ಉತ್ತರ ಬಂದದ್ದು ಪತ್ರಿಕೋದ್ಯಮದಿಂದ. ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ವಾಲ್ಟರ್ ವಿಲಿಯಮ್ಸ್ ಅಂತ ಒಬ್ಬ ಸಂಪಾದಕರಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಪದವಿ ಇಲ್ಲ. ಅವರ ಮುಂದಾಳತ್ವದಲ್ಲೇ ಅಲ್ಲಿನ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1908ರಲ್ಲಿ ಶುರುವಾಯಿತು. ತಮಾಷೆ ಏನು ಗೊತ್ತಾ? ಸೆಪ್ಟೆಂಬರ್ 14ರಂದು ಮೊದಲ ಕ್ಲಾಸು. ಅದೇ ದಿನ ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತು! ಯೂನಿವರ್ಸಿಟಿ ಮಿಸೌರಿಯನ್ ಅಂತ ಹೆಸರು. ಕಾಲೇಜಿನ ಗೋಡೆಗೆ ಅಂಟಿಸುವ ಪತ್ರಿಕೆಯಾಗಿರಲಿಲ್ಲ ಅದು, ಊರಿನ ಸುದ್ದಿ ಬರೆಯುವ ನಿಜವಾದ ಪತ್ರಿಕೆ. ತಪ್ಪು ಬರೆದರೆ ಮೇಷ್ಟ್ರ ಕೆಂಪು ಶಾಯಿಗಿಂತ ಮೊದಲು ಊರಿನವರೇ ಬಂದು ಕೇಳುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಹುಡುಗರ ಕೈಯಲ್ಲಿ ಅಚ್ಚಾದ ವರದಿಗಳ ಕತ್ತರಿಕೆಗಳು ಇರುತ್ತಿದ್ದವು. ಕೆಲಸ ಕೇಳಲು ಅದೇ ಚೀಲ. ಪದವಿಯಿಲ್ಲದ ಈ ವಿಲಿಯಮ್ಸ್ 1931ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು ಅನ್ನಿ.

ನಮ್ಮಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರು ಮಾಡಿದರು. ಪತ್ರಿಕೋದ್ಯಮ ವಿಭಾಗಗಳಲ್ಲಿ ಹುಡುಗರೇ ತರುವ ಪ್ರಾಯೋಗಿಕ ಪತ್ರಿಕೆ ನೀವು ನೋಡಿರುತ್ತೀರಿ. ಅದರ ಹಿಂದಿನ ಲೆಕ್ಕಾಚಾರವೂ ಇದೇ.

ಕಥೆ ಕವಿತೆ ಬರೆಯುವವರ ದಾರಿ ಬೇರೆ. ಅಯೋವಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಅನ್ನುವ ಡೀನ್ 1922ರಲ್ಲಿ, ಉನ್ನತ ಪದವಿಗೆ ಸಂಶೋಧನಾ ಪ್ರಬಂಧದ ಬದಲು ಸ್ವಂತ ಸೃಜನಶೀಲ ಕೃತಿಯನ್ನೂ ಒಪ್ಪುತ್ತೇವೆ ಅಂತ ಸಾರಿದರು. ಪಾಲ್ ಎಂಗಲ್ ಹೀಗೆ ಕವಿತೆಗಳನ್ನೇ ಕೊಟ್ಟು ಎಂ.ಎ. ಪಡೆದರು. ಅದು 1932ರಲ್ಲಿ ಪುಸ್ತಕವಾಗಿ ಬಂತು. 1936ರಲ್ಲಿ ಅಲ್ಲಿನ ಬರಹಗಾರರ ಕಾರ್ಯಾಗಾರ ಶುರುವಾಯಿತು, ಮುಂದೆ ಎಂಗಲ್ ಅದನ್ನು ಬಹಳ ವರ್ಷ ನಡೆಸಿದರು. 1945ರಲ್ಲಿ ಪತ್ರಿಕೋದ್ಯಮ ಓದಲು ಅಂತ ಅಯೋವಾಕ್ಕೆ ಬಂದ ಹುಡುಗಿಯೊಬ್ಬಳು ಈ ಕಾರ್ಯಾಗಾರಕ್ಕೆ ಬದಲಾಯಿಸಿಕೊಂಡಳು. ಹೆಸರು ಫ್ಲಾನರಿ ಓ'ಕಾನರ್. 1947ರಲ್ಲಿ ಅವಳು ಪದವಿಗೆ ಒಪ್ಪಿಸಿದ್ದು ಒಂದು ಕಥಾಸಂಕಲನ. ಅದರ ಶೀರ್ಷಿಕೆಯ ಕಥೆ ಅಷ್ಟರಲ್ಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪದವಿಗೆ ಕೊಟ್ಟದ್ದೂ ಲೋಕಕ್ಕೆ ತೋರಿಸಿದ್ದೂ ಒಂದೇ ಕಟ್ಟು!

ಇನ್ನು ನನ್ನ ಕಸುಬು, ಹೆಸರಿಲ್ಲದವರ ಬರವಣಿಗೆ. 1949ರಲ್ಲಿ ಜೋಸೆಫ್ ಚಾಪ್ಲೈನ್ ಬೈನ್ಯಾಕ್ ಎಂಬ ಗಣಕಯಂತ್ರಕ್ಕೆ ಬಳಕೆಯ ಕೈಪಿಡಿ ಬರೆದರು. ಗಣಕದ ಕೈಪಿಡಿಗಳಲ್ಲಿ ಮೊದಲನೆಯದು ಅಂತ ಅದನ್ನು ಹೇಳುತ್ತಾರೆ. 1958ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗೀ ಸಂಸ್ಥೆ ತಾಂತ್ರಿಕ ಬರವಣಿಗೆಯಲ್ಲಿ ಪದವಿಯನ್ನೇ ಶುರು ಮಾಡಿತು. ಇಲ್ಲಿ ಒಂದು ತೊಡಕು ಇದೆ. ಕೈಪಿಡಿಯ ಮೇಲೆ ಬರೆದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಬರೆದದ್ದು ಕಂಪನಿಯ ಆಸ್ತಿ, ಹೊರಗೆ ತೋರಿಸುವ ಹಾಗಿಲ್ಲ ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ಹತ್ತು ವರ್ಷ ದುಡಿದವನ ಚೀಲವೂ ಖಾಲಿ ಇರಬಹುದು. ಹಾಗಾಗಿಯೇ ಈ ಕಸುಬಿನವರು ಸ್ವಂತಕ್ಕೆ ಮಾದರಿ ಬರೆದಿಟ್ಟುಕೊಳ್ಳುವುದು, ಮುಕ್ತ ತಂತ್ರಾಂಶಗಳಿಗೆ ಕೈಪಿಡಿ ಬರೆದುಕೊಡುವುದು ರೂಢಿಯಾಯಿತು. ಮುಕ್ತ ತಂತ್ರಾಂಶದಲ್ಲಿ ಯಾವ ಸಾಲು ಯಾರು ಬರೆದರು ಅನ್ನೋದು ದಾಖಲಾಗಿರುತ್ತದೆ, ಯಾರು ಬೇಕಾದರೂ ನೋಡಬಹುದು.

ಆದರೆ ನನಗೆ ತುಂಬಾ ಇಷ್ಟವಾದ ಘಟ್ಟ ಇನ್ನೊಂದು. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ, 1980ರ ದಶಕ. ಅಲ್ಲೂ ಬರವಣಿಗೆಗೆ ಗಡಿಯಾರದ ಪರೀಕ್ಷೆಯೇ ಇತ್ತು. ಪೀಟರ್ ಎಲ್ಬೋ, ಪ್ಯಾಟ್ ಬೆಲನಾಫ್ ಎಂಬ ಇಬ್ಬರು ಅಧ್ಯಾಪಕರು ಅದನ್ನು ತೆಗೆದು ಫೋಲ್ಡರ್ ತಂದರು. ವಿದ್ಯಾರ್ಥಿ ಅವಧಿಯ ಉದ್ದಕ್ಕೂ ಬರೆದು ತಿದ್ದಿದ ಬೇರೆ ಬೇರೆ ಬಗೆಯ ಬರಹಗಳು, ಜೊತೆಗೆ ಕ್ಲಾಸಿನಲ್ಲೇ ಕೂತು ಬರೆದ ಒಂದು. ಇದನ್ನು ಹೇಗೆ ಬರೆದೆ, ಏನು ತಿದ್ದಿದೆ ಅಂತ ಒಂದು ಟಿಪ್ಪಣಿ. ಆ ವಿದ್ಯಾರ್ಥಿಗೆ ಪಾಠ ಮಾಡದ ಬೇರೆ ಅಧ್ಯಾಪಕರು ಓದಿ ತೀರ್ಪು ಹೇಳಬೇಕು. 1986ರಲ್ಲಿ ಇಬ್ಬರೂ ಸೇರಿ ಇದರ ಬಗ್ಗೆ ಲೇಖನ ಬರೆದರು, ಮುಂದೆ ಬೇರೆ ಬೇರೆ ಕಾಲೇಜುಗಳಿಗೂ ಫೋಲ್ಡರ್ ಪದ್ಧತಿ ಹಬ್ಬಿತು.

ಇದರಲ್ಲಿ ಒಂದು ಉಪಾಯ ಅಡಗಿದೆ. ಮೇಷ್ಟ್ರು ತೀರ್ಪುಗಾರರ ಕುರ್ಚಿಯಿಂದ ಎದ್ದು ಬಂದು ಹುಡುಗನ ಪಕ್ಕ ಕೂತರು. ಓದುವವರು ಇನ್ಯಾರೋ, ಹಾಗಾಗಿ ಇಬ್ಬರೂ ಸೇರಿ ಬರಹ ಸರಿಮಾಡಬೇಕು. ಕೆಲಸಕ್ಕೆ ಹೊರಟವರಿಗೆ ಬೇಕಾದ ಸಹಾಯವೂ ಇದೇ ಅಲ್ಲವೇ?

ನನ್ನ ವಿಷಯಕ್ಕೆ ಬರ್ತೀನಿ. ಆ ಇಂಟರ್‌ವ್ಯೂ ಆದ ವಾರ ಮನೆಯಲ್ಲಿ ಕೂತು, ಸೀಮೆಎಣ್ಣೆ ಸ್ಟವ್‌ಗೆ ಬತ್ತಿ ಬದಲಾಯಿಸುವುದು ಹೇಗೆ ಅಂತ ಮೂರು ಪುಟ ಬರೆದೆ. ಪಕ್ಕದ ಮನೆ ಆಂಟಿಗೆ ಕೊಟ್ಟು, "ಇದರಲ್ಲಿ ಇದ್ದ ಹಾಗೇ ಮಾಡಿ, ನಾನು ಬಾಯಿ ಬಿಡಲ್ಲ" ಅಂದೆ. ಅವರು ಹಾಗೇ ಮಾಡಿದರು. ಬತ್ತಿ ಹಾಕಿ ತಕ್ಷಣ ಕಡ್ಡಿ ಗೀರಿದರು. ಹೊಸ ಬತ್ತಿ ಕರಕಲಾಯಿತು! ಬತ್ತಿ ಎಣ್ಣೆ ಹೀರುವವರೆಗೂ ಕಾಯಬೇಕು ಅನ್ನೋದನ್ನು ನಾನು ಬರೆದೇ ಇರಲಿಲ್ಲ. ನನಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ತಿದ್ದಿ ಬರೆದೆ. ಮುಂದಿನ ಇಂಟರ್‌ವ್ಯೂಗೆ ಎರಡೂ ಪ್ರತಿ ಒಯ್ದೆ. ಅಲ್ಲಿದ್ದವರು ಅಂಕಪಟ್ಟಿ ತೆಗೆಯಲೇ ಇಲ್ಲ. ಎರಡು ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟು, "ಇದ್ಯಾಕೆ ಬದಲಾಯಿಸಿದ್ರಿ?" ಅಂತ ಅರ್ಧ ಗಂಟೆ ಕೇಳಿದರು. ಕೆಲಸ ಸಿಕ್ಕಿತು.

ಈಗ ಕಾಲ ಬೇರೆ, ನಿಜ. 1953ರಲ್ಲಿ ಶುರುವಾಗಿ ಭಾರತದಲ್ಲೂ ಶಾಖೆ ಹೊಂದಿದ್ದ ಅಮೆರಿಕದ ತಾಂತ್ರಿಕ ಬರಹಗಾರರ ಸಂಘ 2025ರ ಜನವರಿಯಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ತಪ್ಪಿಲ್ಲದ ಪುಟ ಒಂದು ನಿಮಿಷದ ಮಾತು. "ಹಂಗಾದ್ರೆ ನಾನ್ ಬರೆದಿದ್ದು ಅಂತ ಯಾರು ನಂಬ್ತಾರೆ ಮಾಮಾ?" ಅಂತ ಅವಳೂ ಕೇಳಿದಳು. ಅದು ಅವಳ ನಿಜವಾದ ಭಯ. ಅದಕ್ಕೇ ನನಗೆ ಸ್ಟೋನಿ ಬ್ರೂಕ್ ಫೋಲ್ಡರ್ ಮತ್ತೆ ನೆನಪಾದದ್ದು. ನುಣುಪಾದ ಪುಟ ಈಗ ಏನನ್ನೂ ಸಾಬೀತು ಮಾಡುವುದಿಲ್ಲ. ಹೊಡೆದು ಹಾಕಿದ ಸಾಲು, ಯಾಕೆ ಹೊಡೆದೆ ಅನ್ನುವ ಉತ್ತರ, ಅದು ಬರೆದವರಿಗೆ ಮಾತ್ರ ಗೊತ್ತು.

ಇಬ್ಬರೂ ಕೂತು ಅವಳ ಲ್ಯಾಪ್‌ಟಾಪ್ ತೆಗೆದೆವು. ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ಸಂತೆಯ ಸುಂಕದ ಬಗ್ಗೆ ಅವಳು ಬರೆದ ವರದಿಯೊಂದು ಸಿಕ್ಕಿತು. ಚೆನ್ನಾಗಿದೆ. ಮೊದಲ ಕರಡೂ ಇತ್ತು. ಮೊದಲನೆಯದರಲ್ಲಿ ಬರೀ ಅಧಿಕಾರಿಯ ಮಾತು, ಎರಡನೆಯದರಲ್ಲಿ ಸೊಪ್ಪು ಮಾರುವ ಅಜ್ಜಿಯ ಚೀಟಿಯ ಲೆಕ್ಕ.

"ಮತ್ತೆ ಯಾಕೆ ಹೋದೆ ಅಲ್ಲಿಗೆ?" ಅಂದೆ.

"ಆ ಆಫೀಸರ್ ಹೇಳಿದ ಲೆಕ್ಕ ಕೂಡ್ತಾನೇ ಇರ್ಲಿಲ್ಲ ಮಾಮಾ."

"ಇದನ್ನೇ ಬರಿ. ಎರಡೂ ಪ್ರತಿಯ ಜೊತೆಗೆ ಕಳಿಸು."

ಬರೆಯುತ್ತಾ ಕೂತಿದ್ದಾಳೆ. ಇನ್ನೂ ನಾಲ್ಕು ಬರಹ ಆರಿಸಬೇಕು. ನಿಮ್ಮ ಹಳೇ ಕರಡುಗಳನ್ನೂ ಬಿಸಾಕಬೇಡಿ ಮಾರಾಯ್ರೆ, ನಾಳೆ ಯಾರಾದರೂ ಕೇಳಿದರೆ ಸಾಕ್ಷಿ ಹೇಳುವುದು ಅವೇ.