ಆದ್ಯ ಕ್ರೈಸ್ತರ ಆರಾಧನೆ

ಕ್ರೈಸ್ತಮತವೆಂದೊಡನೆ ಎತ್ತರವಾದ ಶಿಖರ, ಗಂಟೆಯ ನಾದ, ಬಣ್ಣದ ಗಾಜಿನ ಕಿಟಕಿ ಇವೇ ಜನರ ಮನಸ್ಸಿಗೆ ತೋರುವುವು. ಆದರೆ ಆ ಮತವು ಹುಟ್ಟಿದ ಮೇಲೆ ಬಹುಕಾಲದವರೆಗೆ ಅದಕ್ಕೆ ಇವೊಂದೂ ಇರಲಿಲ್ಲ. ಭಕ್ತರು ಗೃಹಸ್ಥರ ಮನೆಗಳಲ್ಲಿ ಕೂಡುತ್ತಿದ್ದರು. ಆ ಕಾಲದ ಉಪಾಸನೆಯು ಹೇಗಿದ್ದಿತು, ಅದರಲ್ಲಿ ಅಷ್ಟೊಂದು ಜನರು ಪ್ರಾಣವನ್ನಾದರೂ ಬಿಟ್ಟು ಉಳಿಸಿಕೊಳ್ಳಬೇಕೆನ್ನುವಂಥ ಸಾರವೇನಿದ್ದಿತು ಎಂಬುದು ವಿಚಾರಯೋಗ್ಯವಾದ ವಿಷಯ. ಹೊಸ ಒಡಂಬಡಿಕೆಯ ಗ್ರಂಥಗಳನ್ನು ಬಿಟ್ಟರೆ, ಇದಕ್ಕೆ ದೊರೆಯುವ ಪ್ರಮಾಣಗಳಲ್ಲಿ ಮೂರು ಮುಖ್ಯವಾದುವು: ಒಬ್ಬ ಅಧಿಕಾರಿಯ ಪತ್ರ, ಒಬ್ಬ ಭಕ್ತನ ವಿಜ್ಞಾಪನೆ, ಮಣ್ಣಿನಲ್ಲಿ ಹೂತುಹೋಗಿದ್ದ ಒಂದು ಮನೆ.

ಕ್ರಿ. ಶ. ಎರಡನೆಯ ಶತಮಾನದ ಆದಿಯಲ್ಲಿ ರೋಮ್ ಚಕ್ರಾಧಿಪತ್ಯವನ್ನು ಆಳುತ್ತಿದ್ದವನು ತ್ರಾಜನನು (98–117). ಕಪ್ಪು ಸಮುದ್ರದ ದಕ್ಷಿಣತೀರದಲ್ಲಿದ್ದ ಬಿಥಿನಿಯಾ-ಪಾಂಟಸ್ ಎಂಬ ಪ್ರಾಂತಕ್ಕೆ ಅವನು ಕಿರಿಯ ಪ್ಲಿನಿಯೆಂಬುವನನ್ನು ಅಧಿಪತಿಯನ್ನಾಗಿ ಕಳುಹಿಸಿದನು. 79ರಲ್ಲಿ ವಿಸೂವಿಯಸ್ ಪರ್ವತವು ಬೆಂಕಿಯುಗುಳಿದಾಗ ಮೃತನಾದ ಹಿರಿಯ ಪ್ಲಿನಿಯ ಸೋದರಳಿಯನೀತನು. ವಿದ್ವಾಂಸನು, ನ್ಯಾಯವಾದಿ, ಸ್ವಭಾವತಃ ಕ್ರೂರನಲ್ಲ. ಸುಮಾರು 112ರಲ್ಲಿ ಅವನ ಮುಂದೆ ಕ್ರೈಸ್ತರೆಂಬ ಆಪಾದನೆಗೆ ಒಳಗಾದವರನ್ನು ತಂದು ನಿಲ್ಲಿಸಿದರು. ಇಂಥ ವಿಚಾರಣೆಯನ್ನು ಅವನು ಹಿಂದೆ ಕಂಡವನಲ್ಲ. ಪ್ರತಿಯೊಬ್ಬನನ್ನೂ ನೀನು ಕ್ರೈಸ್ತನೋ ಎಂದು ಮೂರಾವೃತ್ತಿ ಕೇಳಿ, ಶಿಕ್ಷೆಯ ಭಯವನ್ನೂ ತೋರಿಸಿ, ಬಿಡದೆ ಹೌದೆಂದವರನ್ನು ವಧೆಗೆ ಕಳುಹಿಸಿದನು. ರೋಮಿನ ಪೌರರಾದವರನ್ನು ರಾಜಧಾನಿಗೆ ಸಾಗಿಸುವಂತೆ ಗುರುತು ಮಾಡಿದನು. ಅಲ್ಲವೆಂದವರು ದೇವತೆಗಳನ್ನು ಸ್ತುತಿಸಿ, ಚಕ್ರವರ್ತಿಯ ಪ್ರತಿಮೆಗೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ ಹೊಂದುತ್ತಿದ್ದರು. ಚಿಟಿಕೆ ಧೂಪಕ್ಕೂ ಮನುಷ್ಯನ ತಲೆಗೂ ಸಮತೂಕವಾದ ದಿನಗಳು ಅವು.

ಹೀಗೆ ಬಿಟ್ಟವರ ಪೈಕಿ ಕೆಲವರು, ತಾವು ಹಿಂದೆ ಕ್ರೈಸ್ತರಾಗಿದ್ದುದುಂಟೆಂದೂ, ಮೂರು ವರ್ಷಗಳ ಕೆಳಗೆ, ಒಬ್ಬಿಬ್ಬರು ಇಪ್ಪತ್ತು ವರ್ಷಗಳಷ್ಟು ಹಿಂದೆಯೇ, ಅದನ್ನು ತ್ಯಜಿಸಿದೆವೆಂದೂ ಹೇಳಿದರು. ಅವರ ಬಾಯಿಂದ ಪ್ಲಿನಿಯು ಆ ಉಪಾಸನೆಯ ಕ್ರಮವನ್ನು ಕೇಳಿ ಬರೆದಿಟ್ಟನು. ನಿಯತವಾದ ಒಂದು ದಿನ ಬೆಳಗಾಗುವುದಕ್ಕೆ ಮೊದಲೇ ಅವರು ಕೂಡುತ್ತಿದ್ದರು. ಕ್ರಿಸ್ತನನ್ನು ದೇವರೆಂದು ಭಾವಿಸಿ ಒಬ್ಬರಿಗೊಬ್ಬರು ಪ್ರತಿಯಾಗಿ ಸ್ತೋತ್ರವನ್ನು ಹೇಳುತ್ತಿದ್ದರು. ಬಳಿಕ ಒಂದು ಪ್ರತಿಜ್ಞೆಯನ್ನು ಕೈಕೊಳ್ಳುತ್ತಿದ್ದರು. ಆ ಪ್ರತಿಜ್ಞೆಯು ರಾಜದ್ರೋಹದ ಸಂಕಲ್ಪವಿದ್ದೀತೆಂದು ಅಧಿಕಾರಿಯು ಶಂಕಿಸಿದ್ದರೆ ಅವನಿಗೆ ಆಶಾಭಂಗವಾಗಿರಬೇಕು. ಕಳ್ಳತನ ಮಾಡೆವು, ಸುಲಿಗೆ ಮಾಡೆವು, ವ್ಯಭಿಚಾರ ಮಾಡೆವು, ಕೊಟ್ಟ ಮಾತಿಗೆ ತಪ್ಪೆವು, ನಂಬಿ ಇಟ್ಟ ಒಡವೆಯನ್ನು ಕೇಳಿದಾಗ ಇಲ್ಲವೆನ್ನೆವು ಎಂಬುದಷ್ಟೇ ಅದರ ಸಾರ. ಆಮೇಲೆ ಚದುರಿ, ಮತ್ತೆ ಕೂಡಿ, ಎಲ್ಲರೂ ಉಣ್ಣುವಂಥ ಸಾಧಾರಣವೂ ನಿರ್ದೋಷವೂ ಆದ ಆಹಾರವನ್ನು ಸೇವಿಸುತ್ತಿದ್ದರು. ಸಂಘಗಳನ್ನು ನಿಷೇಧಿಸಿದ ಆಜ್ಞೆಯು ಹೊರಟ ಮೇಲೆ ಅದನ್ನೂ ನಿಲ್ಲಿಸಿದೆವೆಂದರು. ಸಂಘಗಳ ವಿಷಯದಲ್ಲಿ ತ್ರಾಜನನಿಗೆ ಎಷ್ಟು ಭೀತಿಯಿದ್ದಿತೆಂದರೆ, ನಿಕೊಮೀಡಿಯಾ ಪಟ್ಟಣದಲ್ಲಿ ಬೆಂಕಿಯನ್ನಾರಿಸಲು 150 ಮಂದಿಯ ದಳವೊಂದನ್ನು ಏರ್ಪಡಿಸಬಹುದೇ ಎಂದು ಪ್ಲಿನಿಯು ಕೇಳಿದುದಕ್ಕೂ ಅವನು ಒಪ್ಪಿರಲಿಲ್ಲ.

ನಿಕ್ಷೇಪವನ್ನು ಹಿಂದಕ್ಕೆ ಕೊಡುವ ಮಾತು ಈ ದೇಶದ ವಾಚಕರಿಗೆ ಹೊಸದಲ್ಲ. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನದ ತರುವಾಯ ನಿಕ್ಷೇಪವನ್ನೇ ಹೇಳುತ್ತದೆ. ಸಾಕ್ಷಿಯೂ ಪತ್ರವೂ ಇಲ್ಲದೆ ಕೈಗೆ ಕೊಟ್ಟ ಒಡವೆಯನ್ನು ಮರಳಿಸುವುದರಲ್ಲಿ ಮನುಷ್ಯನ ಧರ್ಮವು ಸಂಪೂರ್ಣವಾಗಿ ಪರೀಕ್ಷೆಗೆ ಒಳಗಾಗುತ್ತದೆ. ಅಲ್ಲಿ ದಂಡಿಸುವ ರಾಜನು ದೂರ, ನೋಡುವ ಅಂತರಾತ್ಮವೊಂದೇ ಹತ್ತಿರ. ದೇವರ ಸ್ತುತಿಯೂ ಸಂತೆಪೇಟೆಯ ಸತ್ಯವೂ ಒಂದೇ ಮುಂಜಾವಿನ ಒಂದೇ ಕರ್ಮದಲ್ಲಿ ಸೇರಿದ್ದುವೆಂಬುದೇ ಈ ಪತ್ರದಿಂದ ತಿಳಿಯುವ ಮುಖ್ಯಾಂಶ.

ಈ ಸಾಕ್ಷ್ಯದ ಬೆಲೆಯನ್ನೂ ಗಮನಿಸಬೇಕು. ಭಕ್ತನು ತನ್ನ ಮತವನ್ನು ಹೊಗಳಿದರೆ ಪಕ್ಷಪಾತವೆನ್ನಬಹುದು. ಇಲ್ಲಿ ಹೇಳಿದವರು ಆ ಮತವನ್ನು ಬಿಟ್ಟವರು. ಬರೆದವನು ಅದನ್ನು ಅತಿರೇಕದ ಮೂಢನಂಬಿಕೆಯೆಂದು ಹಳಿದವನು. ಅವನು ಅಷ್ಟಕ್ಕೇ ತೃಪ್ತನಾಗದೆ, ಸಭೆಯಲ್ಲಿ ಸೇವಕಿಯರೆಂಬ ಹೆಸರು ಪಡೆದಿದ್ದ ಇಬ್ಬರು ದಾಸಿಯರನ್ನು ಹಿಂಸೆಗೆ ಗುರಿಮಾಡಿ ಕೇಳಿದನು. ಅಪರಾಧವೆಂಬುದು ಅವರಿಂದಲೂ ಹೊರಬರಲಿಲ್ಲ. ಆಗ ಅವನು ಚಕ್ರವರ್ತಿಗೆ ಬಿನ್ನವಿಸಿಕೊಂಡನು. ತ್ರಾಜನನ ಉತ್ತರವು ಸಂಕ್ಷಿಪ್ತವಾದುದು: ಇವರನ್ನು ಹುಡುಕಿಕೊಂಡು ಹೋಗಬೇಡ, ದೂರು ಬಂದು ರುಜುವಾತಾದರೆ ಶಿಕ್ಷಿಸು, ಮತವನ್ನು ಬಿಟ್ಟವರನ್ನು ಕ್ಷಮಿಸು, ಹೆಸರಿಲ್ಲದ ದೂರುಗಳನ್ನು ಪರಿಗ್ರಹಿಸಬೇಡ. ಅಪರಾಧಿಗಳಾದರೆ ಹುಡುಕಬಾರದೇಕೆ, ನಿರಪರಾಧಿಗಳಾದರೆ ಶಿಕ್ಷಿಸುವುದೇಕೆ ಎಂದು ಆ ಶತಮಾನದ ಕೊನೆಯಲ್ಲಿ ತೆರ್ತುಲ್ಲಿಯನನು ಈ ಆಜ್ಞೆಯ ವಿರೋಧವನ್ನು ಎತ್ತಿ ತೋರಿಸಿದನು.

ಎರಡನೆಯ ಪ್ರಮಾಣವು ಯುಸ್ತೀನನೆಂಬ ತತ್ತ್ವಜ್ಞನದು. ಸಮಾರ್ಯದ ನೆಯಾಪೊಲಿಸಿನಲ್ಲಿ ಹುಟ್ಟಿದ ಈತನು ಜ್ಞಾನಾರ್ಥಿಯಾಗಿ ಗುರುವಿನಿಂದ ಗುರುವಿಗೆ ಅಲೆದನು. ಒಬ್ಬನು ದೇವರ ವಿಷಯವೇ ಅನಾವಶ್ಯಕವೆಂದನು. ಇನ್ನೊಬ್ಬನು ಮೊದಲು ಗುರುದಕ್ಷಿಣೆಯನ್ನು ಗೊತ್ತುಮಾಡೆಂದನು. ಮತ್ತೊಬ್ಬನು ಸಂಗೀತ, ಜ್ಯೋತಿಷ, ರೇಖಾಗಣಿತಗಳನ್ನು ಕಲಿತು ಬಾರೆಂದನು. ಪ್ಲೇಟೋವಿನ ಮತದಲ್ಲಿ ಕೊಂಚ ನೆಮ್ಮದಿ ಕಂಡಿದ್ದಾಗ, ಕಡಲಿನ ಬಳಿ ಸಂಧಿಸಿದ ವೃದ್ಧನೊಬ್ಬನ ಮಾತಿನಿಂದ ಕ್ರೈಸ್ತನಾದನು. ಆಮೇಲೂ ತತ್ತ್ವಜ್ಞರ ಉಡುಪನ್ನು ಅವನು ಬಿಡಲಿಲ್ಲ. ಸುಮಾರು 155ರಲ್ಲಿ ಚಕ್ರವರ್ತಿ ಅಂತೋನಿನಸ್ ಪಿಯಸನಿಗೆ ವಿಜ್ಞಾಪನೆಯೊಂದನ್ನು ಬರೆದನು. ಕ್ರೈಸ್ತರು ಗುಟ್ಟಾಗಿ ನರಮಾಂಸವನ್ನು ತಿನ್ನುವರೆಂಬ ಅಪವಾದವು ಹಬ್ಬಿದ್ದ ಕಾಲವದು. ಮರೆಯನ್ನು ತೆಗೆದುಬಿಡುವುದೇ ಅದಕ್ಕೆ ಉತ್ತರವೆಂದು ಅವನು ಬಗೆದನು.

ಅವನು ಹೇಳುವಂತೆ, ಆದಿತ್ಯವಾರದಲ್ಲಿ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುವರು. ಅಪೊಸ್ತಲರ ಸ್ಮರಣಗ್ರಂಥಗಳನ್ನಾಗಲಿ ಪ್ರವಾದಿಗಳ ಗ್ರಂಥಗಳನ್ನಾಗಲಿ ಹೊತ್ತು ಇರುವಷ್ಟು ಓದುವರು. ಸಭಾಧ್ಯಕ್ಷನು ಓದಿದುದನ್ನು ಅನುಸರಿಸಿ ನಡೆಯಿರೆಂದು ಬೋಧಿಸುವನು. ಎಲ್ಲರೂ ಎದ್ದು ಪ್ರಾರ್ಥಿಸುವರು. ರೊಟ್ಟಿಯನ್ನೂ ನೀರು ಬೆರಸಿದ ದ್ರಾಕ್ಷಾರಸವನ್ನೂ ತಂದಾಗ ಅಧ್ಯಕ್ಷನು ಕೃತಜ್ಞತಾಸ್ತುತಿ ಮಾಡುವನು. ಜನರು ಆಮೆನ್ ಎನ್ನುವರು. ಅದನ್ನು ಎಲ್ಲರಿಗೂ ಹಂಚಿ, ಬಾರದವರ ಮನೆಗೆ ಸಭಾಸೇವಕರ ಕೈಯಲ್ಲಿ ಕಳುಹಿಸುವರು. ಉಳ್ಳವರು ಮನಬಂದಷ್ಟು ಕೊಟ್ಟ ಹಣವು ಅಧ್ಯಕ್ಷನ ವಶದಲ್ಲಿರುವುದು. ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದವರು ರಕ್ಷಣೆ ಪಡೆಯುವರು. ರೋಗಿಯ ಮನೆಗೂ ಸೆರೆಯ ಬಾಗಿಲಿಗೂ ಮುಟ್ಟಿದ ಮೇಲೆಯೇ ಆ ಆರಾಧನೆಯು ಮುಗಿಯುತ್ತಿದ್ದಿತು.

ಸುಮಾರು 165ರಲ್ಲಿ ಯುಸ್ತೀನನನ್ನೂ ಆರು ಮಂದಿ ಸಂಗಡಿಗರನ್ನೂ ರೋಮಿನಲ್ಲಿ ವಿಚಾರಿಸಿದವನು ರುಸ್ತಿಕಸನು. ತತ್ತ್ವಜ್ಞನೆಂದು ಪ್ರಖ್ಯಾತನಾದ ಚಕ್ರವರ್ತಿ ಮಾರ್ಕಸ್ ಅರೇಲಿಯಸನಿಗೆ ಗುರುವಾಗಿದ್ದವನು. ಸಂಗಡಿಗರಲ್ಲಿ ಒಬ್ಬಳು ಸ್ತ್ರೀ, ಒಬ್ಬನು ಚಕ್ರವರ್ತಿಯ ದಾಸ. ದೇವತೆಗಳಿಗೆ ಬಲಿಯರ್ಪಿಸಲು ಏಳು ಮಂದಿಯೂ ಒಪ್ಪಲಿಲ್ಲ. ಶಿರಚ್ಛೇದದ ತೀರ್ಪಾಯಿತು. ಜ್ಞಾನಿಯೆನಿಸಿದವನ ಗುರುವೇ ಜ್ಞಾನಾರ್ಥಿಯೊಬ್ಬನನ್ನು ವಧೆಗೆ ಕಳುಹಿಸಿದುದು ವಿಧಿವಿಲಾಸವೇ ಸರಿ.

ಮೂರನೆಯ ಪ್ರಮಾಣವು ಯೂಫ್ರಟೀಸ್ ನದಿಯ ದಡದ ದುರಾ ಎಂಬ ಕೋಟೆಯ ಪಟ್ಟಣದಲ್ಲಿ, ಈಗಿನ ಸಿರಿಯಾ ದೇಶದಲ್ಲಿ, 1931–32ರ ಉತ್ಖನನದಲ್ಲಿ ದೊರೆಯಿತು. ಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಯ ಕ್ರೈಸ್ತರು ಒಂದು ಮನೆಯಲ್ಲಿ ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದು ಸಭಾಂಗಣವನ್ನು ಮಾಡಿಕೊಂಡಿದ್ದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನಕ್ಕೆ ತೊಟ್ಟಿಯನ್ನು ಕಟ್ಟಿ, ಅದರ ಮೇಲ್ಗಡೆ ಕುರಿಯನ್ನು ಹೆಗಲಮೇಲೆ ಹೊತ್ತ ಕುರುಬನನ್ನು ಚಿತ್ರಿಸಿದ್ದರು. ಹೊರಗಿನಿಂದ ಅದು ಮನೆಯಂತೆಯೇ ಇದ್ದಿತು. ಸುಮಾರು 256ರಲ್ಲಿ ಪಾರಸಿಕರ ಮುತ್ತಿಗೆಯನ್ನು ತಡೆಯಲು ರೋಮಿನ ಸೈನಿಕರು ಕೋಟೆಗೋಡೆಯ ಒಳಮಗ್ಗುಲಿಗೆ ಮಣ್ಣನ್ನು ತುಂಬಿದರು. ಗೋಡೆಗೆ ಸೇರಿದಂತಿದ್ದ ಈ ಮನೆಯೂ ಹೂತುಹೋಯಿತು. ಪಟ್ಟಣವು ಬಿದ್ದಿತು, ಜನರು ಚದುರಿದರು. ಆ ಮಣ್ಣೇ ಚಿತ್ರಗಳನ್ನು ಕಾಪಾಡಿತು.

313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸೀನಿಯಸ್ ಎಂಬ ಚಕ್ರವರ್ತಿಗಳು ಕ್ರೈಸ್ತರಿಗೆ ಮತಸ್ವಾತಂತ್ರ್ಯವನ್ನು ಕೊಟ್ಟರು. ಭವ್ಯವಾದ ದೇವಾಲಯಗಳು ಎದ್ದುವು. ಭೀತಿಯು ತೊಲಗಿದುದು ಮಂಗಳವೇ. ಆದರೆ ಪ್ರಾಣಸಂಕಟವಿದ್ದಾಗ ಸುಲಭವಾಗಿದ್ದ ಒಂದು ವಿಚಾರವು ಮುಂದೆ ಕಠಿನವಾಯಿತು: ಸಭೆಗೆ ಬಂದವನು ದೇವರಿಗಾಗಿ ಬಂದನೋ, ರಾಜನ ಪ್ರೀತಿಗಾಗಿ ಬಂದನೋ ಎಂಬುದನ್ನು ಅರಿಯುವುದು. ಯಾವ ಮತಕ್ಕಾದರೂ ಈ ಪರೀಕ್ಷೆಯು ತಪ್ಪಿದುದಲ್ಲ.

ಪ್ಲಿನಿಯ ಹೆಸರು ಉಳಿದಿದೆ, ತ್ರಾಜನನ ಜಯಸ್ತಂಭವು ರೋಮಿನಲ್ಲಿ ಇಂದಿಗೂ ನಿಂತಿದೆ. ಹಿಂಸೆಯನ್ನು ತಾಳಿದ ಆ ಇಬ್ಬರು ದಾಸಿಯರ ಹೆಸರನ್ನು ಕೇಳಬೇಕೆಂದು ಅಧಿಪತಿಗೆ ತೋರಿದ್ದರೂ ಬರೆಯಬೇಕೆಂದು ತೋರಲಿಲ್ಲ. ನಂಬಿ ಇಟ್ಟುದನ್ನು ಕೇಳಿದಾಗ ಇಲ್ಲವೆನ್ನೆವೆಂದು ಮುಂಜಾವಿನಲ್ಲಿ ಪ್ರತಿಜ್ಞೆ ಮಾಡುತ್ತಿದ್ದ ಸಭೆಗೆ ಸೇರಿದವರು ಅವರು. ತಮ್ಮ ಕೈಗೆ ಬಂದಿದ್ದ ನಿಕ್ಷೇಪವನ್ನು ಅವರು ಕಾದುಕೊಂಡರು.