ರೇಖಾಗಣಿತ ಬೋಧನೆಯಲ್ಲಿ ನಿಗಮನ ತರ್ಕ

ನಿಗಮನ ತರ್ಕ: ಒಪ್ಪಿಕೊಂಡ ಕೆಲವೇ ಹೇಳಿಕೆಗಳಿಂದ ಹೊರಟು, ಹೆಜ್ಜೆಹೆಜ್ಜೆಗೂ ಕಾರಣ ಕೊಡುತ್ತ ಹೊಸ ಹೇಳಿಕೆಯನ್ನು ಸಾಧಿಸುವ ಕ್ರಮ. ಕರ್ನಾಟಕದ ವಿದ್ಯಾರ್ಥಿಗೆ ಇದರ ನಿಜವಾದ ಪರಿಚಯವಾಗುವುದು ಪ್ರೌಢಶಾಲೆಯ ರೇಖಾಗಣಿತದಲ್ಲಿ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳು ಅಲ್ಲಿಂದ ಎಸ್‌ಎಸ್‌ಎಲ್‌ಸಿವರೆಗೂ ಅವನ ಜೊತೆಗಿರುತ್ತವೆ. ಗಣಿತಕ್ಕೆ ರಾಜ್ಯವು ಎನ್‌ಸಿಇಆರ್‌ಟಿ ಪಠ್ಯವನ್ನೇ ಕನ್ನಡಕ್ಕೆ ತಂದುಕೊಂಡ ಮೇಲೆ, ಬೆಂಗಳೂರಿನ ಜಯನಗರದ ಸಿಬಿಎಸ್‌ಇ ಶಾಲೆಯಲ್ಲೂ ಬಿಟಿಎಂ ಬಡಾವಣೆಯ ಕನ್ನಡ ಮಾಧ್ಯಮದಲ್ಲೂ ಪ್ರಮೇಯಗಳು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ಕಾರಣಗಳನ್ನು ಎಷ್ಟು ಗಂಭೀರವಾಗಿ ಕಲಿಸಲಾಗುತ್ತದೆ ಎಂಬಲ್ಲಿ.

ಹಿನ್ನೆಲೆ

12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ರಚಿಸಿದ. ಆದರೆ ನಿಗಮನ ತರ್ಕವನ್ನು ನೆಚ್ಚಿದ ಗ್ರೀಕ್ ಗಣಿತಜ್ಞ ಯೂಕ್ಲಿಡನ ಕ್ರಮ ಸಂಸ್ಕೃತಕ್ಕೆ ಬಂದದ್ದು 18ನೇ ಶತಮಾನದ ಆರಂಭದಲ್ಲಿ, ಜಗನ್ನಾಥ ಸಮ್ರಾಟ್ ಅರಬ್ಬಿಯಿಂದ ಅನುವಾದಿಸಿದ 'ರೇಖಾಗಣಿತ'ದ ಮೂಲಕ. ಇಂದು ಶಾಲೆಯಲ್ಲಿ ಆ ವಿಷಯಕ್ಕಿರುವ ಹೆಸರೂ ಅದೇ.

ಕಾರಣದ ಸರಪಳಿ

ಪಠ್ಯದಲ್ಲಿ ತ್ರಿಭುಜಗಳ ಸರ್ವಸಮತೆಯ ಬಾ.ಕೋ.ಬಾ. (ಬಾಹು-ಕೋನ-ಬಾಹು) ನಿಯಮ ಸ್ವಯಂಸಿದ್ಧ. ಯೂಕ್ಲಿಡ್ ಅದನ್ನು ಒಂದು ತ್ರಿಭುಜದ ಮೇಲೆ ಇನ್ನೊಂದನ್ನು ಇಟ್ಟು ಸಾಧಿಸಲು ಹೊರಟಿದ್ದ. ಹಾಗೆ ಎತ್ತಿಡಲು ಅನುಮತಿ ಕೊಡುವ ಆಧಾರ ಪ್ರತಿಜ್ಞೆ ಅವನಲ್ಲಿರಲಿಲ್ಲ. 1899ರಲ್ಲಿ ಗಣಿತಜ್ಞ ಹಿಲ್ಬರ್ಟ್ ಬಾ.ಕೋ.ಬಾ. ನಿಯಮದ ಸಾರವನ್ನು ಸ್ವಯಂಸಿದ್ಧಗಳ ಸಾಲಿಗೇ ಸೇರಿಸಿದ. ಇದನ್ನು ತರಗತಿಯಲ್ಲಿ ಹೇಳುವುದು ಅಗತ್ಯ, ಏಕೆಂದರೆ ಯಾವುದನ್ನು ಒಪ್ಪಿಕೊಂಡಿದ್ದೇವೆ ಎಂದು ತಿಳಿಯದವನಿಗೆ ಯಾವುದನ್ನು ಸಾಧಿಸಿದ್ದೇವೆ ಎಂಬುದೂ ತಿಳಿಯದು. ಸಮದ್ವಿಬಾಹು ತ್ರಿಭುಜದ ಪ್ರಮೇಯವನ್ನು ನೋಡಬಹುದು. ಸಮ ಬಾಹುಗಳಿಗೆ ಅಭಿಮುಖವಾದ ಕೋನಗಳು ಸಮ ಎಂದು ತೋರಿಸಲು ಪಠ್ಯ ಶೃಂಗಕೋನದ ಅರ್ಧಕವನ್ನು ಎಳೆಯುತ್ತದೆ. ಅರ್ಧಕ ಎಳೆಯಬಹುದೆಂಬುದಕ್ಕೆ ಆಧಾರವೇನು? ಕೈವಾರದ ರಚನೆಯನ್ನು ಸಮರ್ಥಿಸುವುದು ಬಾ.ಬಾ.ಬಾ. (ಬಾಹು-ಬಾಹು-ಬಾಹು) ನಿಯಮ, ಆ ನಿಯಮವನ್ನು ಯೂಕ್ಲಿಡ್ ಸಾಧಿಸುವುದು ಸಮದ್ವಿಬಾಹು ಪ್ರಮೇಯವನ್ನು ನೆಚ್ಚಿಕೊಂಡು. ಅವನ ಮೊದಲ ಪುಸ್ತಕದಲ್ಲಿ ಇವು ಕ್ರಮವಾಗಿ 9, 8 ಮತ್ತು 5ನೆಯ ಪ್ರತಿಪಾದನೆಗಳು. ನ್ಯಾಯಶಾಸ್ತ್ರ ಚಕ್ರಕ ದೋಷವೆನ್ನುವುದು ಇಂಥದ್ದನ್ನೇ. ಕೋನಮಾಪನವನ್ನು ಮೊದಲೇ ಒಪ್ಪಿಕೊಂಡರೆ ಈ ಚಕ್ರ ಕಳಚುತ್ತದೆ, ಆದ್ದರಿಂದ ಪಠ್ಯದ್ದು ತಪ್ಪೆನ್ನಲಾಗದು. ಆದರೂ ಅಲೆಕ್ಸಾಂಡ್ರಿಯದ ಪ್ಯಾಪಸನ ಹೆಸರಿನಲ್ಲಿರುವ ಸಾಧನೆಗೆ ಅರ್ಧಕವೇ ಬೇಡ: ಎಬಿಸಿ ತ್ರಿಭುಜವನ್ನು ಮಗುಚಿ ಎಸಿಬಿ ಎಂದು ಓದಿದರೆ, ಎಬಿ=ಎಸಿ, ಎಸಿ=ಎಬಿ, ಎ ಕೋನ ಸಾಮಾನ್ಯ; ಬಾ.ಕೋ.ಬಾ. ಪ್ರಕಾರ ಎರಡೂ ಸರ್ವಸಮ, ಹಾಗಾಗಿ ಬಿ ಮತ್ತು ಸಿ ಕೋನಗಳು ಸಮ. ರಚನೆ ಎಂಬ ತಲೆಬರಹದ ಕೆಳಗೆ ಏನನ್ನೂ ಬರೆಯಬೇಕಿಲ್ಲದ ಈ ಸಾಧನೆಯನ್ನು ಕಂಡ ವಿದ್ಯಾರ್ಥಿಗೆ, ಸಾಧನೆಯೆಂದರೆ ನಾಲ್ಕು ತಲೆಬರಹ ತುಂಬುವುದಲ್ಲ ಎಂಬುದು ತಾನಾಗಿ ಹೊಳೆಯುತ್ತದೆ.

ಆಕ್ಷೇಪಗಳು

ಕಾಗದ ಮಡಚಿ, ಕೋನಮಾಪಕ ಹಿಡಿದು ತೋರಿಸಿದರೆ ಸಾಲದೇ ಎಂಬುದು ಒಂದು ಆಕ್ಷೇಪ. ಆರಂಭಕ್ಕೆ ಅದು ಬೇಕು. ಆಕೃತಿಯನ್ನು ಗುರುತಿಸುವುದು, ಗುಣಗಳನ್ನು ವಿಶ್ಲೇಷಿಸುವುದು ನಿಗಮನಕ್ಕೆ ಮುಂಚಿನ ಮೆಟ್ಟಿಲುಗಳೆಂದು 1957ರಲ್ಲಿ ನೆದರ್ಲೆಂಡ್ಸ್‌ನ ಗಣಿತ ಶಿಕ್ಷಕರಾದ ವ್ಯಾನ್ ಹೀಲ ದಂಪತಿಗಳೂ ವಾದಿಸಿದರು. ಆದರೆ ಅಳತೆ ಸಾಕ್ಷಿ ನುಡಿಯುವುದು ಎದುರಿಗಿರುವ ಒಂದು ತ್ರಿಭುಜದ ಬಗ್ಗೆ ಮಾತ್ರ. ಹಿಂದುಳಿದ ಮಕ್ಕಳಿಗೆ ಬಾಯಿಪಾಠದ ಪ್ರಮೇಯವೇ ಪಾಸಾಗುವ ದಾರಿ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 80 ಅಂಕಗಳ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಪ್ರಮೇಯದ ಅಂಕಗಳು ಅಂಥವರಿಗೆ ಆಸರೆ; ಅವನ್ನು ಕಿತ್ತುಕೊಳ್ಳುವುದು ಅನ್ಯಾಯ. ಬಾಯಿಪಾಠವನ್ನು ಬಿಡಿಸದೆಯೂ ಅದರೊಳಗಿನ ಕಾರಣವನ್ನು ಕೇಳಬಹುದು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಸಾಧನೆಯಲ್ಲಿ ತ್ರಿಜ್ಯಗಳು ಸಮ, ಒಂದು ಬಾಹು ಸಾಮಾನ್ಯ, ಸ್ಪರ್ಶಬಿಂದುವಿನಲ್ಲಿ ಲಂಬಕೋನ. ಮೂರನೆಯ ಸಾಲನ್ನು ಅಳಿಸಿ, ಈಗಲೂ ತ್ರಿಭುಜಗಳು ಸರ್ವಸಮವೆನ್ನಬಹುದೇ ಎಂದು ಕೇಳಿದರೆ, ಉಳಿದ ಎರಡು ಬಾಹುಗಳಿಂದ ಯಾವ ನಿಯಮವೂ ದಕ್ಕುವುದಿಲ್ಲವೆಂದು ಮಗು ತಾನೇ ಹುಡುಕಿ ಹೇಳಬೇಕಾಗುತ್ತದೆ.