ಆರ್ಥರ್ ವಾರ್ಟನ್

ಆರ್ಥರ್ ವಾರ್ಟನ್ (28 ಅಕ್ಟೋಬರ್ 1865 – 13 ಡಿಸೆಂಬರ್ 1930) ಅವರು 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಆಡಿದ ಫುಟ್‌ಬಾಲ್ ಗೋಲ್‌ಕೀಪರ್ ಹಾಗೂ ಓಟಗಾರ. ಆಫ್ರಿಕಾ, ಕೆರಿಬಿಯನ್ ಮತ್ತು ಸ್ಕಾಟ್ಲೆಂಡ್ ಮೂಲಗಳು ಬೆರೆತ ಕುಟುಂಬದಲ್ಲಿ ಜನಿಸಿದ ಇವರನ್ನು ಪ್ರಪಂಚದ ಮೊದಲ ಕಪ್ಪುವರ್ಣೀಯ ವೃತ್ತಿಪರ ಫುಟ್‌ಬಾಲ್ ಆಟಗಾರನೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಡಾರ್ಲಿಂಗ್ಟನ್, ಪ್ರೆಸ್ಟನ್ ನಾರ್ತ್ ಎಂಡ್, ರಾದರ್‌ಹ್ಯಾಮ್ ಟೌನ್, ಶೆಫೀಲ್ಡ್ ಯುನೈಟೆಡ್ ಮತ್ತು ಸ್ಟಾಕ್‌ಪೋರ್ಟ್ ಕೌಂಟಿ ಇವರು ಆಡಿದ ಪ್ರಮುಖ ತಂಡಗಳು. ಆಟದಿಂದ ಹಣ ಗಳಿಸಿದರೂ ಕೇವಲ ಆಟವನ್ನೇ ನಂಬಿ ಬದುಕಲು ಇವರಿಗೆ ಸಾಧ್ಯವಾಗಲಿಲ್ಲ. ಆಟದ ಜೊತೆಗೆ ಪಬ್ ನಡೆಸಿದ ಇವರು, ನಿವೃತ್ತಿಯ ನಂತರ ಕಲ್ಲಿದ್ದಲು ಗಣಿಯಲ್ಲಿ ದುಡಿದರು. ಈ ಕಾರಣದಿಂದ ಇವರ ವೃತ್ತಿಜೀವನದ ಬಹುಭಾಗವನ್ನು ಇಂದಿನ ಪರಿಭಾಷೆಯಲ್ಲಿ ಅರೆವೃತ್ತಿಪರ ಎಂದು ಕರೆಯಬಹುದು.

ಜನನ ಮತ್ತು ಶಿಕ್ಷಣ

ವಾರ್ಟನ್ ಅವರು ಅಂದಿನ ಬ್ರಿಟಿಷ್ ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ಅಕ್ರಾದ ಜೇಮ್ಸ್‌ಟೌನ್ ಪ್ರದೇಶದಲ್ಲಿ ಜನಿಸಿದರು. ತಂದೆ ಹೆನ್ರಿ ವಾರ್ಟನ್ ಕೆರಿಬಿಯನ್ ದ್ವೀಪವಾದ ಗ್ರೆನಡಾದಿಂದ ಬಂದ ಮೆಥಡಿಸ್ಟ್ ಪಾದ್ರಿ. ಅವರಲ್ಲಿ ಗ್ರೆನಡಾ ಮತ್ತು ಸ್ಕಾಟ್ಲೆಂಡ್ ಎರಡೂ ಮೂಲಗಳು ಸೇರಿದ್ದವು. ತಾಯಿ ಅನ್ನಿ ಫ್ಲಾರೆನ್ಸ್ ಎಗಿರಿಬಾ ಗೋಲ್ಡ್ ಕೋಸ್ಟ್‌ನ ಫಾಂಟಿ ಜನಾಂಗದ ರಾಜಮನೆತನಕ್ಕೆ ಸಂಬಂಧಿಸಿದವರು.

1882ರಲ್ಲಿ ವಾರ್ಟನ್ ಅವರನ್ನು ಮೆಥಡಿಸ್ಟ್ ಧರ್ಮಪ್ರಚಾರಕ ಹಾಗೂ ಶಿಕ್ಷಕನಾಗುವ ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಮುಂದೆ ಅವರು ಈಶಾನ್ಯ ಇಂಗ್ಲೆಂಡಿನ ಡಾರ್ಲಿಂಗ್ಟನ್‌ನಲ್ಲಿರುವ ಕ್ಲೀವ್‌ಲ್ಯಾಂಡ್ ಕಾಲೇಜಿಗೆ ಸೇರಿದರು. ಅಲ್ಲಿ ಓಟ, ಫುಟ್‌ಬಾಲ್, ಕ್ರಿಕೆಟ್ ಮತ್ತು ಸೈಕಲ್ ಸ್ಪರ್ಧೆಗಳಲ್ಲಿ ತೊಡಗಿ, ಕ್ರಮೇಣ ಧರ್ಮಪ್ರಚಾರದ ಹಾದಿಯನ್ನು ಬಿಟ್ಟು ಕ್ರೀಡೆಯನ್ನೇ ಆರಿಸಿಕೊಂಡರು.

ಓಟಗಾರನಾಗಿ

1886ರ ಜುಲೈ ತಿಂಗಳಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನದಲ್ಲಿ ನಡೆದ ಹವ್ಯಾಸಿ ಅಥ್ಲೆಟಿಕ್ ಸಂಘದ (ಎಎಎ) ಚಾಂಪಿಯನ್‌ಷಿಪ್‌ನಲ್ಲಿ ವಾರ್ಟನ್ 100 ಗಜಗಳ ಓಟವನ್ನು 10 ಸೆಕೆಂಡುಗಳಲ್ಲಿ ಪೂರೈಸಿ ಪ್ರಥಮ ಸ್ಥಾನ ಪಡೆದರು. ಮರುವರ್ಷವೂ ಅದೇ ಪ್ರಶಸ್ತಿಯನ್ನು ಉಳಿಸಿಕೊಂಡರು.

ಆ ಕಾಲದ ಅಥ್ಲೆಟಿಕ್ಸ್‌ನಲ್ಲಿ ಹವ್ಯಾಸಿಗಳಿಗೂ ವೃತ್ತಿಪರರಿಗೂ ಇದ್ದ ಗಡಿ ಬಹು ಕಟ್ಟುನಿಟ್ಟಾದುದು. ನಗದು ಬಹುಮಾನಕ್ಕಾಗಿ ಓಡಿದವರಿಗೆ ಎಎಎ ಸ್ಪರ್ಧೆಗಳ ಬಾಗಿಲು ಮುಚ್ಚುತ್ತಿತ್ತು. ಹೀಗಾಗಿ ಆರಂಭದ ವರ್ಷಗಳಲ್ಲಿ ವಾರ್ಟನ್ ಫುಟ್‌ಬಾಲನ್ನೂ ಹವ್ಯಾಸಿಯಾಗಿಯೇ ಆಡಿದರು. 1888ರಲ್ಲಿ ಅವರು ಹಣಕ್ಕಾಗಿ ಓಡುವ ವೃತ್ತಿಪರ ಓಟಗಾರರಾದರು.

ಫುಟ್‌ಬಾಲ್ ಜೀವನ

ಡಾರ್ಲಿಂಗ್ಟನ್ ಮತ್ತು ಪ್ರೆಸ್ಟನ್

ವಾರ್ಟನ್ ಡಾರ್ಲಿಂಗ್ಟನ್ ತಂಡದ ಗೋಲ್‌ಕೀಪರ್ ಆಗಿ 1885ರಲ್ಲಿ ಆಡಲಾರಂಭಿಸಿದರು. ಅದೇ ವರ್ಷದ ಜುಲೈನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು (ಎಫ್‌ಎ) ಆಟಗಾರರಿಗೆ ವೇತನ ನೀಡುವುದನ್ನು ಕಾನೂನುಬದ್ಧಗೊಳಿಸಿತು. ಈ ಬದಲಾವಣೆಯಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಪಾತ್ರ ಪ್ರಮುಖವಾದುದು. 1884ರಲ್ಲಿ ಆಟಗಾರರಿಗೆ ಹಣ ಕೊಡುತ್ತಿರುವುದನ್ನು ಒಪ್ಪಿಕೊಂಡ ಕಾರಣಕ್ಕೆ ಅದನ್ನು ಎಫ್‌ಎ ಕಪ್‌ನಿಂದ ಹೊರಹಾಕಲಾಗಿತ್ತು. 1886ರಲ್ಲಿ ಇದೇ ತಂಡ ವಾರ್ಟನ್ ಅವರನ್ನು ಸೇರಿಸಿಕೊಂಡಿತು. 1886–87ರ ಎಫ್‌ಎ ಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಪ್ರೆಸ್ಟನ್, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಎದುರು 1–3 ಅಂತರದಲ್ಲಿ ಸೋತಿತು.

ಓಟದ ಕಡೆಗೆ ಗಮನ ಹರಿಸಲು ವಾರ್ಟನ್ 1888ರಲ್ಲಿ ಪ್ರೆಸ್ಟನ್ ತಂಡವನ್ನು ತೊರೆದರು. ಅದೇ ವರ್ಷ 12 ತಂಡಗಳ ಫುಟ್‌ಬಾಲ್ ಲೀಗ್ ಆರಂಭವಾಯಿತು. ಪ್ರೆಸ್ಟನ್ ಮೊದಲ ಲೀಗ್‌ನ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತಲ್ಲದೆ, ಅದೇ ಋತುವಿನಲ್ಲಿ ಎಫ್‌ಎ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಇತಿಹಾಸದಲ್ಲಿ 'ಅಜೇಯರು' ಎಂದು ಹೆಸರಾದ ಆ ತಂಡದಲ್ಲಿ ವಾರ್ಟನ್ ಇರಲಿಲ್ಲ.

ರಾದರ್‌ಹ್ಯಾಮ್ ಮತ್ತು ಶೆಫೀಲ್ಡ್

1889ರಲ್ಲಿ ವಾರ್ಟನ್ ರಾದರ್‌ಹ್ಯಾಮ್ ಟೌನ್ ತಂಡದೊಂದಿಗೆ ವೃತ್ತಿಪರ ಆಟಗಾರನಾಗಿ ಒಪ್ಪಂದ ಮಾಡಿಕೊಂಡರು. ಅವರಿಗೆ ಸಲ್ಲುವ 'ಮೊದಲಿಗ' ಎಂಬ ಹೆಗ್ಗಳಿಕೆಗೆ ಈ ಒಪ್ಪಂದವೇ ಆಧಾರ. 1890ರಲ್ಲಿ ಎಮ್ಮಾ ಲಿಸ್ಟರ್ ಅವರನ್ನು ವಿವಾಹವಾದರು. ರಾದರ್‌ಹ್ಯಾಮ್‌ನಲ್ಲಿ ಆಡುತ್ತಲೇ ಆಲ್ಬರ್ಟ್ ಟ್ಯಾವರ್ನ್ ಹಾಗೂ ಪ್ಲೌ ಇನ್ ಎಂಬ ಪಬ್‌ಗಳನ್ನು ನಡೆಸಿದರು. ಜನಪ್ರಿಯ ಆಟಗಾರನ ಹೆಸರು ಗ್ರಾಹಕರನ್ನು ಸೆಳೆಯುತ್ತಿದ್ದುದರಿಂದ ಆ ಕಾಲದ ಹಲವು ಫುಟ್‌ಬಾಲ್ ಆಟಗಾರರಿಗೆ ಇಂತಹ ವ್ಯಾಪಾರ ಎರಡನೆಯ ಆದಾಯವಾಗಿತ್ತು.

1894ರಲ್ಲಿ ಶೆಫೀಲ್ಡ್ ಯುನೈಟೆಡ್ ಸೇರಿದ ವಾರ್ಟನ್ ಅವರಿಗೆ ಅಲ್ಲಿ ಹೆಚ್ಚು ಅವಕಾಶ ದೊರೆಯಲಿಲ್ಲ. ಭಾರೀ ಮೈಕಟ್ಟಿಗೆ ಹೆಸರಾದ ಯುವ ಗೋಲ್‌ಕೀಪರ್ ವಿಲಿಯಂ ಫೌಲ್ಕ್ ತಂಡದ ಮೊದಲ ಆಯ್ಕೆಯಾಗಿದ್ದರು. ಆದರೂ 1894–95ರ ಋತುವಿನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ ಪ್ರಥಮ ದರ್ಜೆಯ ಲೀಗ್ ಪಂದ್ಯದಲ್ಲಿ ಆಡಿದ ವಾರ್ಟನ್, ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಲೀಗ್‌ನಲ್ಲಿ ಆಡಿದ ಮೊದಲ ಮಿಶ್ರ ಮೂಲದ ಆಟಗಾರರಾದರು.

ಕೊನೆಯ ವರ್ಷಗಳು

ಶೆಫೀಲ್ಡ್ ಬಿಟ್ಟ ನಂತರ ವಾರ್ಟನ್ ಮತ್ತೆ ರಾದರ್‌ಹ್ಯಾಮ್‌ಗೆ ಹಿಂದಿರುಗಿ, ಬಳಿಕ ಸ್ಟಾಲಿಬ್ರಿಡ್ಜ್ ರೋವರ್ಸ್ ಮತ್ತು ಆಷ್ಟನ್ ನಾರ್ತ್ ಎಂಡ್ ಎಂಬ ಸಣ್ಣ ತಂಡಗಳಲ್ಲಿ ಆಡಿದರು. 1899ರಲ್ಲಿ ಆಷ್ಟನ್ ತಂಡ ದಿವಾಳಿಯಾಯಿತು. 1901ರಲ್ಲಿ ಎರಡನೇ ದರ್ಜೆಯಲ್ಲಿದ್ದ ಸ್ಟಾಕ್‌ಪೋರ್ಟ್ ಕೌಂಟಿ ಸೇರಿದ ಅವರು 1902ರಲ್ಲಿ ನಿವೃತ್ತರಾದರು. ಎಫ್‌ಎ ಆಟಗಾರರ ಗರಿಷ್ಠ ವೇತನವನ್ನು ವಾರಕ್ಕೆ 4 ಪೌಂಡ್‌ಗಳಿಗೆ ಸೀಮಿತಗೊಳಿಸಿದುದು 1901–02ರ ಇದೇ ಋತುವಿನಲ್ಲಿ. ಸುಮಾರು 17 ವರ್ಷಗಳ ಈ ಅವಧಿಯಲ್ಲಿ ವಾರ್ಟನ್ ಯಾವುದೇ ದೇಶದ ಪರವಾಗಿ ಅಂತಾರಾಷ್ಟ್ರೀಯ ಪಂದ್ಯ ಆಡಲಿಲ್ಲ.

ಆಟದ ಶೈಲಿ ಮತ್ತು ಪತ್ರಿಕೆಗಳ ಧೋರಣೆ

ಅಂದಿನ ನಿಯಮಗಳ ಪ್ರಕಾರ ಎದುರಾಳಿಗಳು ಗೋಲ್‌ಕೀಪರ್‌ನನ್ನು ಮೈಯಿಂದ ತಳ್ಳಬಹುದಾಗಿತ್ತು. ಆದ್ದರಿಂದ ಚೆಂಡನ್ನು ಹಿಡಿದು ನಿಲ್ಲುವುದು ಅಪಾಯಕಾರಿಯಾಗಿತ್ತು. ವಾರ್ಟನ್ ಗೋಲಿನ ಒಂದು ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕಾದಿದ್ದು, ಕೊನೆಯ ಕ್ಷಣದಲ್ಲಿ ಮುನ್ನುಗ್ಗಿ ಮುಷ್ಟಿಯಿಂದ ಚೆಂಡನ್ನು ದೂರ ಹೊಡೆಯುತ್ತಿದ್ದರು. ಒಮ್ಮೆ ಅವರು ಗೋಲಿನ ಅಡ್ಡಪಟ್ಟಿಗೆ ಜೋತುಬಿದ್ದು ಚೆಂಡನ್ನು ಕಾಲುಗಳ ನಡುವೆ ಹಿಡಿದಾಗ, ನುಗ್ಗಿ ಬಂದ ಮೂವರು ಎದುರಾಳಿಗಳು ಬಲೆಯೊಳಗೆ ಬಿದ್ದುದನ್ನು ಪ್ರೇಕ್ಷಕರೊಬ್ಬರು ದಶಕಗಳ ನಂತರ ಪತ್ರಿಕೆಗೆ ಬರೆದ ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ.

ಈ ಶೈಲಿಯನ್ನು ಪ್ರೇಕ್ಷಕರು ಮೆಚ್ಚಿದರೂ ಪತ್ರಿಕೆಗಳ ಪ್ರತಿಕ್ರಿಯೆ ಒಂದೇ ತೆರನಾಗಿರಲಿಲ್ಲ. 1887ರಲ್ಲಿ ಕ್ರೀಡಾಪತ್ರಿಕೆಯೊಂದು ಅವರ ಆಟದಲ್ಲಿ ಗಾಂಭೀರ್ಯವಿಲ್ಲವೆಂದು ಟೀಕಿಸುತ್ತಾ ಅವರ ಬಣ್ಣವನ್ನೇ ಹೀಯಾಳಿಸಿತು.

ನಿಧನ

ಫುಟ್‌ಬಾಲ್‌ನಿಂದ ನಿವೃತ್ತರಾದ ಬಳಿಕ ವಾರ್ಟನ್ ಗಣಿ ಕಾರ್ಮಿಕರಾದರು. ದಕ್ಷಿಣ ಯಾರ್ಕ್‌ಷೈರ್‌ನ ಎಡ್ಲಿಂಗ್ಟನ್‌ನಲ್ಲಿರುವ ಯಾರ್ಕ್‌ಷೈರ್ ಮೈನ್ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುವ ಕೆಲಸ ಮಾಡುತ್ತಿದ್ದ ಅವರು, 1930ರ ಡಿಸೆಂಬರ್ 13ರಂದು ತಮ್ಮ 65ನೇ ವಯಸ್ಸಿನಲ್ಲಿ ನಿಧನರಾದರು. ಹೆಸರಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಅವರನ್ನು ಹೂಳಲಾಯಿತು.

'ಮೊದಲಿಗ' ಎಂಬ ಪ್ರಶ್ನೆ

ಬಹುಕಾಲ ವಾರ್ಟನ್ ಅವರನ್ನು ಬ್ರಿಟನ್ನಿನ ಮೊದಲ ಕಪ್ಪುವರ್ಣೀಯ ಫುಟ್‌ಬಾಲ್ ಆಟಗಾರನೆಂದೇ ತಿಳಿಯಲಾಗಿತ್ತು. ಆದರೆ ಬ್ರಿಟಿಷ್ ಗಯಾನಾದಲ್ಲಿ ಜನಿಸಿದ ಆಂಡ್ರ್ಯೂ ವಾಟ್ಸನ್ ಅವರಿಗಿಂತ ಮೊದಲೇ ಆಡಿದ್ದರು. 1881ರ ಮಾರ್ಚ್ 12ರಂದು ಇಂಗ್ಲೆಂಡನ್ನು 6–1ರಿಂದ ಮಣಿಸಿದ ಸ್ಕಾಟ್ಲೆಂಡ್ ತಂಡಕ್ಕೆ ವಾಟ್ಸನ್ ನಾಯಕರಾಗಿದ್ದರು. ಅವರು ಹವ್ಯಾಸಿ ಆಟಗಾರರಾಗಿದ್ದುದರಿಂದ ವೃತ್ತಿಪರರಲ್ಲಿ ಮೊದಲ ಸ್ಥಾನವನ್ನು ವಾರ್ಟನ್ ಅವರಿಗೆ ನೀಡಲಾಗಿದೆ. ವಾಟ್ಸನ್ 1887ರ ಸುಮಾರಿಗೆ ಬೂಟ್ಲ್ ತಂಡದಲ್ಲಿ ಹಣ ಪಡೆದು ಆಡಿರಬಹುದೆಂಬ ಅಭಿಪ್ರಾಯವೂ ಇದೆ.

ಗೌರವಗಳು

ಶೆಫೀಲ್ಡ್‌ನ ವರ್ಣಭೇದ ವಿರೋಧಿ ಸಂಘಟನೆಯಾದ 'ಫುಟ್‌ಬಾಲ್ ಯುನೈಟ್ಸ್, ರೇಸಿಸಂ ಡಿವೈಡ್ಸ್' ನಡೆಸಿದ ಅಭಿಯಾನದ ಫಲವಾಗಿ 1997ರಲ್ಲಿ ವಾರ್ಟನ್ ಅವರ ಸಮಾಧಿಗೆ ಹೆಸರಿನ ಕಲ್ಲು ಇಡಲಾಯಿತು. ಫಿಲ್ ವಾಸಿಲಿ ಬರೆದ ಜೀವನಚರಿತ್ರೆ 1998ರಲ್ಲಿ ಪ್ರಕಟವಾಯಿತು. 2003ರಲ್ಲಿ ಅವರ ಹೆಸರು ಇಂಗ್ಲಿಷ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿತು. 2014ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಕೇಂದ್ರವಾದ ಸೇಂಟ್ ಜಾರ್ಜ್ಸ್ ಪಾರ್ಕ್‌ನಲ್ಲಿ ಅವರ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಚೆಂಡನ್ನು ತಡೆಯಲು ಮೇಲಕ್ಕೆ ನೆಗೆಯುತ್ತಿರುವ ಭಂಗಿಯಲ್ಲಿ ಈ ಪ್ರತಿಮೆಯನ್ನು ರೂಪಿಸಲಾಗಿದೆ.